ಮೂಲಸ್ಥಾನಕ್ಕೆ ಮರಳುವುದೆಂದರೇನು?

ನಮ್ಮ ತುಳುನಾಡಿನ ಮನೆತನದವರು ಎಷ್ಟೇ ದೂರದಲ್ಲಿ ನೆಲೆಸಿರಲಿ, ಅವರಿಗೆ ‘ಮೂಲ’ ಎಂಬುದೊಂದು ಇದ್ದೇ ಇರುವುದು. ಮುಂಬಯಿಯಲ್ಲಿ ಮೂರು ತಲೆಮಾರುಗಳನ್ನು ಕಳೆದ ಕುಟುಂಬವೂ ನಾಗರಪಂಚಮಿಯಂದು ಕಾಪುವಿನ ಬದಿಯ ಒಂದು ಬನವನ್ನೋ, ಕಾರ್ಕಳದ ಕಾಡಂಚಿನ ಒಂದು ನಾಗನ ಕಲ್ಲನ್ನೋ ಹುಡುಕಿಕೊಂಡು ಬರುತ್ತದೆ. ಮನೆಯಲ್ಲಿ ತೊಂದರೆ ತಲೆದೋರಿದರೆ ಜೋಯಿಸರು ಮೊದಲು ಕೇಳುವುದು ಮೂಲಸ್ಥಾನದ ವಿಚಾರವನ್ನೇ. ಕಾರ್ಕಳದ ಗೌಡ ಸಾರಸ್ವತರ ಹಿರಿಯರು ಗೋವೆಯನ್ನು ಬಿಟ್ಟು ಶತಮಾನಗಳೇ ಕಳೆದಿದ್ದರೂ, ಕುಲದೇವರ ದರ್ಶನಕ್ಕಾಗಿ ಅವರು ಇಂದಿಗೂ ಗೋವೆಗೆ ಹೋಗಿಬರುತ್ತಾರೆ. ಹೀಗೆ ಒಂದು ದಿನದ ಮಟ್ಟಿಗೆ ಮೂಲಕ್ಕೆ ಹೋಗಿ, ತನು ಎರೆದು, ಪ್ರಸಾದವನ್ನು ಹಿಡಿದು, ರಾತ್ರಿಯ ಬಸ್ಸಿಗೆ ಹಿಂದಿರುಗುವುದು ಸುಲಭ. ಆದರೆ ಇದ್ದ ಮನೆಯನ್ನು ಮಾರಿ, ನೌಕರಿಯನ್ನು ತ್ಯಜಿಸಿ, ಮಕ್ಕಳುಮರಿಗಳೊಡನೆ ಆ ಮೂಲಕ್ಕೇ ಹೋಗಿ ಸಂಸಾರ ಹೂಡಬೇಕೆಂದಾದರೆ? ಪೂರ್ವಿಕರು ಆ ನೆಲವನ್ನು ಬಿಟ್ಟು ಎರಡು ಸಾವಿರ ವರ್ಷಗಳಷ್ಟು ಕಾಲ ಸಂದಿದ್ದರೆ? ಅಲ್ಲಿ ಆಡುವ ಭಾಷೆ ನಮಗೆ ಪೂಜೆಯ ಮಂತ್ರವಾಗಿ ಮಾತ್ರ ಗೊತ್ತಿದ್ದರೆ?

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ಕೊಂಕಣ ತೀರದ ಬೆನೆ ಇಸ್ರೇಲರೂ ಕೊಚ್ಚಿಯ ಯೆಹೂದ್ಯರೂ ನಮ್ಮ ಕಣ್ಣೆದುರಿಗೇ ಇಂಥ ಪ್ರಯಾಣವನ್ನು ಕೈಕೊಂಡವರು. ನಮ್ಮದೇ ಪಡುಗಡಲಿನ ದಂಡೆಯಲ್ಲಿ, ನಮ್ಮಂತೆಯೇ ಅನ್ನ, ಮೀನು, ತೆಂಗಿನಕಾಯಿಯನ್ನು ಉಂಡು ಬಾಳಿದ ಈ ಜನರು 1948ರ ತರುವಾಯ ತಂಡತಂಡವಾಗಿ ಇಸ್ರೇಲಿಗೆ ಹೊರಟುಹೋದರು. ಅವರು ಅಲ್ಲಿ ಪಟ್ಟ ಪಾಡೇನು, ನೆಲೆನಿಂತ ಬಗೆ ಯಾವುದು ಎಂಬುದು ವಿಚಾರಣೀಯವಾದ ವಿಷಯ.

ಇದು ದೂರದೇಶದ ಕಥೆಯೆಂದು ನಮ್ಮ ವಾಚಕರು ಪುಟವನ್ನು ಮಗುಚಬಾರದು. ಶಿರ್ವ, ಕಟಪಾಡಿ, ಶಂಕರಪುರ, ಕಾಪು, ಕಾರ್ಕಳ ಮೊದಲಾದ ಕಡೆಗಳಿಂದ ನಮ್ಮ ಜನ ಅನೇಕ ವರ್ಷಗಳಿಂದ ಹೋಂ ನರ್ಸ್‌ಗಳಾಗಿ ಇಸ್ರೇಲಿಗೆ ಹೋಗುತ್ತಿದ್ದಾರೆ. ಕರಾವಳಿಯ ಎರಡು ಜಿಲ್ಲೆಗಳಿಂದ ಹೀಗೆ ಹೋದವರು ಸಾವಿರಗಟ್ಟಲೆ ಇರುವರು. ಇವರು ಕೈಹಿಡಿದು ನಡೆಸುವ, ಸ್ನಾನ ಮಾಡಿಸುವ, ಊಟ ಮಾಡಿಸುವ ವೃದ್ಧರಲ್ಲಿ ಬಹಳ ಮಂದಿ ಆ ನೆಲದಲ್ಲಿ ಹುಟ್ಟಿದವರಲ್ಲ. ಪೋಲೆಂಡ್, ರುಮೇನಿಯಾ, ಇರಾಕ್, ಮೊರಾಕ್ಕೊ, ರಷ್ಯಾಗಳಲ್ಲಿ ಹುಟ್ಟಿ, ಪಿತೃಭೂಮಿಯನ್ನು ಅರಸಿಕೊಂಡು ಬಂದವರು. ಆದುದರಿಂದ ಮೂಲಕ್ಕೆ ಮರಳಿದ ಆ ಜನಾಂಗದ ಮುಪ್ಪಿನ ದಿನಗಳನ್ನು ಹತ್ತಿರದಿಂದ ಕಂಡವರು ನಮ್ಮ ಹಳ್ಳಿಗಳಲ್ಲೇ ಇದ್ದಾರೆ.

ಸಂಬಂಧವು ಇಂದಿನದೂ ಅಲ್ಲ. ಆಳುಪರು ಈ ನಾಡನ್ನು ಆಳುತ್ತಿದ್ದ 12ನೆಯ ಶತಮಾನದಲ್ಲಿ ಟ್ಯುನಿಸಿಯಾ ಸೀಮೆಯ ಮಹ್ದಿಯಾ ಪಟ್ಟಣದವನಾದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿಗೆ ಬಂದು, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ಇಟ್ಟುಕೊಂಡು, ಮೆಣಸು, ಅಡಿಕೆ ಮೊದಲಾದುವುಗಳ ವ್ಯಾಪಾರ ನಡೆಸುತ್ತ ಸುಮಾರು 17 ವರ್ಷ ಈ ಕರಾವಳಿಯಲ್ಲಿ ಕಳೆದನು. 1132ರ ಅಕ್ಟೋಬರಿನಲ್ಲಿ ಅವನು ಆಶು ಎಂಬ ಇಲ್ಲಿಯ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿ ಬರೆದುಕೊಟ್ಟ ಪತ್ರವು ಈಜಿಪ್ಟಿನ ಒಂದು ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಉಳಿದುಬಂದಿದೆ. 1149ರಲ್ಲಿ ಅವನು ಮಗನನ್ನೂ ಮಗಳನ್ನೂ ಕರೆದುಕೊಂಡು ಏಡನ್ನಿಗೆ ಹಿಂತಿರುಗಿದನು. ಮಗನು ಯೆಮೆನಿನಲ್ಲಿ ತೀರಿಕೊಂಡನು. ಮಗಳು 1156ರಲ್ಲಿ ಈಜಿಪ್ಟಿನ ಫುಸ್ತಾತ್ ನಗರದಲ್ಲಿ ತನ್ನ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳಲ್ಲೊಬ್ಬನನ್ನು ಮದುವೆಯಾದಳು. ಕರಾವಳಿಯಲ್ಲಿ ಬೆಳೆದ ಆ ಮಗಳು ತಂದೆಯ ಕುಲದ ನಡುವೆ ಕಾಲಿಟ್ಟಾಗ ಅವಳ ತಾಯಿ ಯಾರೆಂಬ ಪ್ರಶ್ನೆಯು ಏಳುವಂಥದೇ. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವರ ಸ್ಥಾನಮಾನವು ಆ ಕಾಲದ ಯೆಹೂದ್ಯ ಧರ್ಮಶಾಸ್ತ್ರದಲ್ಲಿ ಚರ್ಚೆಯ ವಿಷಯವಾಗಿದ್ದಿತು. ಈ ತಾಯಿಯ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡಬೇಕು. ಎಂಟು ಶತಮಾನಗಳ ಮೇಲೆ ಅದು ಮತ್ತೆ ತಲೆಯೆತ್ತುವುದನ್ನು ಮುಂದೆ ಕಾಣುವೆವು.

1948ರ ಮೇ 14ರಂದು ಇಸ್ರೇಲ್ ರಾಷ್ಟ್ರವು ಸ್ಥಾಪಿತವಾಯಿತು. 1950ರ ಜುಲೈ 5ರಂದು ಅಲ್ಲಿಯ ಶಾಸನಸಭೆಯು ‘ಮರಳುವಿಕೆಯ ಕಾಯಿದೆ’ಯನ್ನು ಅಂಗೀಕರಿಸಿ, ಲೋಕದ ಯಾವ ಮೂಲೆಯ ಯೆಹೂದ್ಯನೇ ಆಗಲಿ ಬಂದು ನೆಲೆಸಲು ಹಕ್ಕುಳ್ಳವನೆಂದು ಸಾರಿತು. ರಾಷ್ಟ್ರ ಹುಟ್ಟಿದಾಗ ಅಲ್ಲಿದ್ದ ಯೆಹೂದ್ಯರು ಸುಮಾರು 6,50,000 ಮಂದಿ. 1951ರ ಕೊನೆಯೊಳಗೆ ಹೊಸದಾಗಿ ಬಂದವರು ಅದಕ್ಕಿಂತಲೂ ಹೆಚ್ಚು. ಯುರೋಪಿನ ಹತ್ಯಾಕಾಂಡದಿಂದ ಉಳಿದವರು, ಯೆಮೆನ್ ಮತ್ತು ಇರಾಕಿನಿಂದ ವಿಮಾನಗಳಲ್ಲಿ ಬಂದಿಳಿದವರು, ಎಲ್ಲರೂ ಒಂದೇ ಕಾಲದಲ್ಲಿ ಬಂದು ಸೇರಿದರು. ಮನೆಗಳಿಲ್ಲದೆ ಡೇರೆಗಳ ಮತ್ತು ತಗಡಿನ ಗುಡಿಸಲುಗಳ ಶಿಬಿರಗಳಲ್ಲಿ ಲಕ್ಷಾಂತರ ಜನ ಮಳೆ, ಚಳಿ, ಬಿಸಿಲುಗಳನ್ನು ಕಳೆಯಬೇಕಾಯಿತು. ಅನ್ನ, ಬಟ್ಟೆಗಳಿಗೆ ರೇಷನ್ ಬಂದಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಯೆಹೂದ್ಯರು ಮೂಲವೆಂದು ಮರಳಿದ ಆ ನೆಲವು ಬರಿದಾಗಿ ಬಿದ್ದಿದ್ದ ನೆಲವಾಗಿರಲಿಲ್ಲ. ಅದು ತಲೆತಲಾಂತರದಿಂದ ಅಲ್ಲಿ ಆಲಿವ್ ಮರಗಳನ್ನು ನೆಟ್ಟು, ಗೋರಿಗಳನ್ನು ಕಟ್ಟಿ ಬಾಳಿದ್ದ ಅರಬರ ಜನ್ಮಭೂಮಿಯೂ ಆಗಿದ್ದಿತು. 1948ರ ಯುದ್ಧದಲ್ಲಿ ಸುಮಾರು 7,00,000 ಪ್ಯಾಲೆಸ್ತೀನಿಯರು ಮನೆಮಾರುಗಳನ್ನು ಕಳೆದುಕೊಂಡು ನಿರಾಶ್ರಿತರಾದರು. ಮಹಾತ್ಮ ಗಾಂಧಿಯವರು 1938ರಲ್ಲಿಯೇ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಯೆಹೂದ್ಯರ ಸಂಕಟಕ್ಕೆ ಪೂರ್ಣ ಮರುಕವನ್ನು ತೋರಿಯೂ, ಅರಬರ ಮೇಲೆ ಅವರನ್ನು ಹೇರುವುದು ಅನ್ಯಾಯವೆಂದು ಬರೆದಿದ್ದರು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ತೀನಿನ ವಿಭಜನೆಯ ವಿಷಯ ಬಂದಾಗ ಭಾರತವು ವಿರುದ್ಧವಾಗಿ ಮತ ಕೊಟ್ಟಿತು. 1950ರ ಸೆಪ್ಟೆಂಬರ್ 17ರಂದು ಇಸ್ರೇಲನ್ನು ಮನ್ನಿಸಿತಾದರೂ ಪೂರ್ಣ ರಾಜತಾಂತ್ರಿಕ ಸಂಬಂಧವು ಏರ್ಪಟ್ಟುದು 1992ರಲ್ಲಿ. ಒಬ್ಬರ ಮರಳುವಿಕೆಯು ಇನ್ನೊಬ್ಬರ ಅಗಲುವಿಕೆಯಾದಾಗ ಆ ಗಾಯ ಎಷ್ಟು ಕಾಲ ಒಸರುತ್ತಿರುವುದೆಂಬುದನ್ನು 2023ರ ಅಕ್ಟೋಬರ್ 7ರ ಹತ್ಯೆಗಳೂ, ತರುವಾಯ ಗಾಜಾದಲ್ಲಿ ಮಡಿದ ಹತ್ತಾರು ಸಾವಿರ ಜನರೂ ಸಾರಿ ಹೇಳುತ್ತಿರುವರು.

ಇನ್ನು ಭಾರತದಿಂದ ಹೋದವರ ವಿಚಾರ. ಬೆನೆ ಇಸ್ರೇಲರ ಐತಿಹ್ಯದಂತೆ ಅವರ ಪೂರ್ವಿಕರಾದ ಏಳು ದಂಪತಿಗಳು ಹಡಗೊಡೆದು ಅಲಿಬಾಗಿನ ಹತ್ತಿರದ ನವಗಾಂವ್ ತೀರದಲ್ಲಿ ದಡ ಸೇರಿದರು. ಎಣ್ಣೆಯ ಗಾಣವು ಅವರ ಕಸುಬಾಯಿತು. ಶನಿವಾರ ಗಾಣಕ್ಕೆ ಎತ್ತು ಕಟ್ಟದ ಕಾರಣ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಮರಾಠಿಯೇ ಅವರ ಮನೆಮಾತಾಯಿತು; ಊರಿನ ಹೆಸರಿಗೆ ‘ಕರ್’ ಸೇರಿಸಿದ ಅಡ್ಡಹೆಸರುಗಳು ಬಂದುವು. ಪ್ರವಾದಿ ಎಲಿಯನ ಹೆಸರಿನಲ್ಲಿ ಅವರು ಮಾಡುವ ‘ಮಲೀದಾ’ ಎಂಬ ಹರಕೆಯಲ್ಲಿ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಹಣ್ಣುಗಳನ್ನು ಕಲಸಿ ಹಂಚುವರು. ಉಡುಪಿಯವನೊಬ್ಬನಿಗೆ ಆ ತಟ್ಟೆಯನ್ನು ಕೊಟ್ಟರೆ ಯಾವ ದೇವಸ್ಥಾನದ ಪ್ರಸಾದವೆಂದು ಕೇಳಿಯಾನೇ ಹೊರತು ಪರಕೀಯವೆಂದು ತಿಳಿಯಲಾರನು. ಯುರೋಪಿನ ಯೆಹೂದ್ಯರಂತೆ ಇವರು ನೆರೆಯವರ ದ್ವೇಷಕ್ಕೆ ಗುರಿಯಾಗಿ ಓಡಿಹೋದವರಲ್ಲ. ಜೆರೂಸಲೇಮಿನ ಹಂಬಲವು ನಿತ್ಯದ ಪ್ರಾರ್ಥನೆಯಲ್ಲಿ ಇದ್ದಿತು. ಬ್ರಿಟಿಷರು ಹೋದ ಮೇಲೆ ರೈಲ್ವೆ, ಅಂಚೆ, ಸುಂಕದ ಕಚೇರಿಗಳಲ್ಲಿ ತಮ್ಮ ಮಕ್ಕಳ ಸ್ಥಾನವೇನಾದೀತೆಂಬ ಶಂಕೆಯೂ ಸೇರಿಕೊಂಡಿತು. ಸ್ವಾತಂತ್ರ್ಯದ ವೇಳೆಗೆ ಸುಮಾರು 20,000ದಷ್ಟಿದ್ದ ಈ ಸಮುದಾಯದ ಬಹುಭಾಗವು ಕ್ರಮೇಣ ಹೊರಟುಹೋಯಿತು. ಜನ್ಮಭೂಮಿ ಒಂದು, ಪಿತೃಭೂಮಿ ಇನ್ನೊಂದು ಎಂಬ ಸ್ಥಿತಿ ನಮಗೆ ಊಹಿಸಲೂ ಕಷ್ಟ. ಅವರು ತಾಯಿಯಂಥ ನೆಲವನ್ನು ಬಿಟ್ಟು ತಂದೆಯ ಮನೆಯೆಂಬ ನಂಬಿಕೆಯಿಂದ ಹೋದರು.

ತಂದೆಯ ಮನೆಯ ಬಾಗಿಲು ತೆರೆದಿದ್ದಿತು. ಒಳಗೆ ಕೊಟ್ಟ ಮಣೆ ಮಾತ್ರ ಮೂಲೆಯದಾಗಿದ್ದಿತು. ಮುಂಬಯಿಯಲ್ಲಿ ಮೇಜು ಕುರ್ಚಿಗಳ ಮುಂದೆ ಕುಳಿತು ಗುಮಾಸ್ತೆಗಿರಿ ಮಾಡಿದವರನ್ನು ಬೀರ್‌ಶೆಬಾ ಎಂಬ ಮರುಭೂಮಿಯ ಅಂಚಿನ ಊರಿಗೆ ಕಳುಹಿಸಿ ಕಲ್ಲು, ಮಣ್ಣಿನ ಕೆಲಸಕ್ಕೆ ಹಚ್ಚಿದರು. ಯುರೋಪಿನಿಂದ ಬಂದವರಿಗೆ ಬಿಳಿಯ ರೊಟ್ಟಿ, ಬಣ್ಣ ಕಪ್ಪಾದ ನಮಗೆ ಕಪ್ಪು ರೊಟ್ಟಿ ಎಂಬುದು ಅವರ ದೂರುಗಳಲ್ಲಿ ಒಂದಾಗಿದ್ದಿತು. ಹೊಟ್ಟೆಯ ಪ್ರಶ್ನೆಗಿಂತಲೂ ಅದು ಮಾನದ ಪ್ರಶ್ನೆ. 1951ರಲ್ಲಿ ಬೀರ್‌ಶೆಬಾದ ಭಾರತೀಯರು ಟೆಲ್ ಅವೀವಿಗೆ ಹೋಗಿ, ವಲಸೆಯ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಯೆಹೂದ್ಯ ಏಜೆನ್ಸಿಯ ಕಚೇರಿಯ ಮುಂದೆ ಧರಣಿ ಕುಳಿತರು. ನಮ್ಮನ್ನು ಭಾರತಕ್ಕೆ ಹಿಂದೆ ಕಳುಹಿಸಿರಿ ಎಂದು ಹಟ ಹಿಡಿದರು. ಗಾಂಧೀಜಿಯವರ ನಾಡಿನಲ್ಲಿ ಕಂಡಿದ್ದ ಸತ್ಯಾಗ್ರಹದ ವಿದ್ಯೆಯು ಅವರಿಗೆ ಪಿತೃಭೂಮಿಯಲ್ಲಿ ಉಪಯೋಗಕ್ಕೆ ಬಂದಿತು. 1952ರಲ್ಲಿ ನೂರಕ್ಕೂ ಮಿಕ್ಕಿದ ಜನ ಏಜೆನ್ಸಿಯ ವೆಚ್ಚದಲ್ಲಿ ಮುಂಬಯಿಗೆ ಮರಳಿ ಬಂದರು. ಚಮತ್ಕಾರವೇನೆಂದರೆ, ಹೀಗೆ ಬಂದವರಲ್ಲಿ ಅನೇಕರು ತರುವಾಯ ಮತ್ತೆ ಇಸ್ರೇಲಿಗೇ ಹೋದರು. ಒಮ್ಮೆ ಬೇರನ್ನು ಕಿತ್ತ ಮೇಲೆ ಹಳೆಯ ಗುಂಡಿಯಲ್ಲಿ ಅದು ಮೊದಲಿನಂತೆ ಹಿಡಿಯುವುದಿಲ್ಲವೆಂಬುದನ್ನು ತೋಟಗಾರಿಕೆಯನ್ನು ಬಲ್ಲ ನಮ್ಮ ಜನರಿಗೆ ಹೇಳಬೇಕಾದುದಿಲ್ಲ.

ಅದಕ್ಕಿಂತಲೂ ನೋವಿನ ಪ್ರಕರಣವು ಹತ್ತು ವರ್ಷಗಳ ಮೇಲೆ ಬಂದಿತು. ಯೆಹೂದ್ಯರಲ್ಲಿ ಕುಲವನ್ನು ತಾಯಿಯಿಂದ ಎಣಿಸುವರು. ಅಳಿಯಸಂತಾನ ಕಟ್ಟನ್ನು ಕಂಡ, ‘ಬರಿ’ಯನ್ನು ತಾಯಿಯ ಕಡೆಯಿಂದ ಹೇಳುವ ತುಳುವರಿಗೆ ಇದರ ಮರ್ಮವನ್ನು ವಿವರಿಸಬೇಕಾದುದಿಲ್ಲ. ಬೆನೆ ಇಸ್ರೇಲರು ಶತಮಾನಗಳ ಕಾಲ ಉಳಿದ ಯೆಹೂದ್ಯರಿಂದ ದೂರವಿದ್ದು, ವಿವಾಹವಿಚ್ಛೇದನದ ಶಾಸ್ತ್ರೀಯ ವಿಧಿಗಳನ್ನು ಅರಿಯದಿದ್ದ ಕಾರಣ ಅವರ ಕುಲಶುದ್ಧಿಯೇ ಸಂಶಯಾಸ್ಪದವೆಂದು ಕೆಲವು ಧರ್ಮಗುರುಗಳು ಆಕ್ಷೇಪವೆತ್ತಿದರು. 1962ರಲ್ಲಿ ಮುಖ್ಯ ಧರ್ಮಗುರುಗಳ ಪೀಠವು, ಬೆನೆ ಇಸ್ರೇಲರು ಇತರ ಯೆಹೂದ್ಯರನ್ನು ಮದುವೆಯಾಗಬೇಕಾದರೆ ಅವರ ತಾಯಿ, ತಾಯಿಯ ತಾಯಿ, ಹೀಗೆ ಸಾಧ್ಯವಾದಷ್ಟು ಹಿಂದಿನವರೆಗೆ ವಂಶವನ್ನು ವಿಚಾರಿಸತಕ್ಕದ್ದೆಂದು ಆಜ್ಞೆ ಹೊರಡಿಸಿತು. ರಾಷ್ಟ್ರಕ್ಕಾಗಿ ಕಲ್ಲು ಹೊತ್ತವನನ್ನು, ಸೈನ್ಯದಲ್ಲಿ ದುಡಿದವನನ್ನು, ಮದುವೆಯ ಮಂಟಪದ ಬಾಗಿಲಲ್ಲಿ ‘ನಿನ್ನ ಅಜ್ಜಿ ಯಾರು?’ ಎಂದು ತಡೆದು ನಿಲ್ಲಿಸಿದಂತಾಯಿತು. ಬೆನ್ ಯಿಜುವಿನ ಮಗಳ ಕಾಲದ ಪ್ರಶ್ನೆಯು ಮತ್ತೆ ಬಂದಿತು. ಜನ ಸುಮ್ಮನಿರಲಿಲ್ಲ. 1964ರ ಬೇಸಗೆಯಲ್ಲಿ ಜೆರೂಸಲೇಮಿನಲ್ಲಿ ಧರಣಿ, ಮೆರವಣಿಗೆಗಳು ನಡೆದುವು. ಆ ವರ್ಷದ ಆಗಸ್ಟಿನಲ್ಲಿ ಶಾಸನಸಭೆಯು ವಿಶೇಷವಾಗಿ ಸೇರಿತು. ಪ್ರಧಾನಿ ಲೆವಿ ಎಷ್ಕೋಲರ ಸರಕಾರವು, ಬೆನೆ ಇಸ್ರೇಲರು ಸರ್ವವಿಧದಲ್ಲಿಯೂ ಯೆಹೂದ್ಯರು, ಇತರರಿಗಿರುವ ಹಕ್ಕುಗಳೆಲ್ಲ ಅವರಿಗೂ ಉಂಟು ಎಂದು ಘೋಷಿಸಿತು. ಧರ್ಮಪೀಠವು ತನ್ನ ಆಜ್ಞೆಯಿಂದ ಅವರ ಹೆಸರನ್ನು ತೆಗೆದುಹಾಕಿತು. ಮರಳಿ ಹದಿನೈದು ವರ್ಷಗಳಾದ ಮೇಲೆ ಅವರು ತಮ್ಮವರಿಂದಲೇ ತಮ್ಮವರೆನ್ನಿಸಿಕೊಂಡರು.

ಕೊಚ್ಚಿಯವರ ಹಾದಿ ಬೇರೆ ತೆರನಾಗಿದ್ದಿತು. ಅವರು ಒಟ್ಟಿಗೆ ಸುಮಾರು 2,500 ಮಂದಿ ಮಾತ್ರ. ಮಲೆಯಾಳದ ರಾಜರ ಆಶ್ರಯದಲ್ಲಿ ಮರ್ಯಾದೆಯಿಂದ ಬಾಳಿದವರು. 1950ರ ಸುಮಾರಿಗೆ ಮನೆಗಳನ್ನು ಮಾರಿ ಹೊರಟು ನಿಂತವರಿಗೆ ಅಡ್ಡಬಂದುದು ಆನೆಕಾಲು ರೋಗ. ಕೊಚ್ಚಿಯ ಸೊಳ್ಳೆಯ ಪ್ರಸಾದವಾದ ಆ ರೋಗವು ತಮ್ಮ ದೇಶದಲ್ಲಿಯೂ ಹರಡೀತೆಂದು ಇಸ್ರೇಲಿನ ಆರೋಗ್ಯಾಧಿಕಾರಿಗಳು ಅಂಜಿದರು; ಶುಷ್ಕ ಪ್ರದೇಶದಲ್ಲಿ ಅದು ಹರಡುವ ಭಯವಿಲ್ಲವೆಂದು ಮನದಟ್ಟಾದ ಮೇಲೆಯೇ, 1953ರಿಂದ 1955ರ ಅವಧಿಯಲ್ಲಿ, ಬಹುಮಂದಿಗೆ ಹೋಗಲು ಸಾಧ್ಯವಾಯಿತು. ಅವರನ್ನು ಚದರಿಸದೆ ನೆವಾತಿಮ್, ಮೆಸಿಲತ್ ಸಿಯೋನ್, ತಾಓಜ್ ಮೊದಲಾದ ಸಹಕಾರಿ ಗ್ರಾಮಗಳಲ್ಲಿ ಗುಂಪುಗುಂಪಾಗಿ ನೆಲೆಗೊಳಿಸಿದರು. ಕೊಚ್ಚಿಯಲ್ಲಿ ಚಿಲ್ಲರೆ ವ್ಯಾಪಾರ ಮಾಡಿದವರು ಗುದ್ದಲಿ ಹಿಡಿದು ಹೊಸದಾಗಿ ಕಲಿಯಬೇಕಾಯಿತು. ಬೀರ್‌ಶೆಬಾದ ಸಮೀಪದ ನೆವಾತಿಮ್ ಎಂಬಲ್ಲಿ, ಮಳೆಯೇ ಅಪರೂಪವಾದ ಮಣ್ಣಿನಲ್ಲಿ, ಅವರು ಕೋಳಿ ಸಾಕಿದರು, ತರಕಾರಿ ಬೆಳೆದರು. ಕಾಲಕ್ರಮದಲ್ಲಿ ಗಾಜಿನ ಮನೆಗಳಲ್ಲಿ ಹೂವು ಬೆಳೆದು ಯುರೋಪಿಗೆ ಕಳುಹಿಸಿದರು. ಚೇಂದಮಂಗಲದಿಂದ ಹೋಗಿ, ಮೊದಲು ಕುರಿ ಕಾಯ್ದು, ಕಡೆಗೆ ಹೂವಿನ ಬೇಸಾಯದಲ್ಲಿ ಹೆಸರಾದ ಎಲಿಯಾಹು ಬೆಜಲೇಲರಿಗೆ ಭಾರತ ಸರಕಾರವು ಪ್ರವಾಸಿ ಭಾರತೀಯ ಸಮ್ಮಾನವನ್ನಿತ್ತು ಗೌರವಿಸಿತು. ಮಲ್ಲಿಗೆಯನ್ನು ಅಂಗಳದಲ್ಲಿ ಬೆಳೆದು ಅಟ್ಟೆ ಕಟ್ಟಿ ಮಾರಿ ಸಂಸಾರಗಳನ್ನು ನಡೆಸಿದ ಶಂಕರಪುರದವರು ಈ ವೃತ್ತಾಂತವನ್ನು ಓದಿ ಸಂತೋಷಪಡುವರೆಂದು ನಂಬುತ್ತೇವೆ.

ಬೆನೆ ಇಸ್ರೇಲರಿಗಿಂತ ಕೊಚ್ಚಿಯವರು ಹೆಚ್ಚು ಬುದ್ಧಿಶಾಲಿಗಳೋ ಶ್ರಮಶೀಲರೋ ಆಗಿದ್ದರೆಂದು ಇದರ ಅರ್ಥವಲ್ಲ. ಕಾರಣವು ಮುಖ್ಯವಾಗಿ ವ್ಯವಸ್ಥೆಯಲ್ಲಿದೆ. ಕೊಚ್ಚಿಯವರು ಊರಿಗೆ ಊರೇ ಎದ್ದು, ತಮ್ಮ ಧರ್ಮಗ್ರಂಥದ ಸುರುಳಿಗಳನ್ನು ಹೊತ್ತುಕೊಂಡು ಹೋದರು. ಹೋದಲ್ಲಿ ನೆರೆಮನೆಯವನು ಹಳೆಯ ನೆರೆಮನೆಯವನೇ ಆಗಿದ್ದನು. ಕಾಲ ಕೆಳಗೆ ತಮ್ಮದೆನ್ನುವ ನೆಲವಿದ್ದಿತು. ಬೆನೆ ಇಸ್ರೇಲರು ಕುಟುಂಬ ಕುಟುಂಬವಾಗಿ ಹೋಗಿ ಡಿಮೋನಾ, ಅಷ್ಡೋದ್, ರಾಮ್ಲೆ, ಲೋದ್ ಮೊದಲಾದ ಊರುಗಳಲ್ಲಿ ಹಂಚಿಹೋದರು. ಕಲಿತ ವಿದ್ಯೆಗೆ ಬೆಲೆಯಿಲ್ಲದಾಯಿತು, ಕೊಟ್ಟ ಕೆಲಸಕ್ಕೆ ಅಭ್ಯಾಸವಿರಲಿಲ್ಲ. ಆದರೂ ಅವರು ಸೋಲಲಿಲ್ಲ. ಇಂದು ಇಸ್ರೇಲಿನಲ್ಲಿ ಭಾರತೀಯ ಮೂಲದ ಯೆಹೂದ್ಯರು ಸುಮಾರು 85,000 ಮಂದಿ ಇರುವರೆಂದು ಲೆಕ್ಕವಿದೆ.

ಭಾಷೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಎಲಿಯೇಜರ್ ಬೆನ್ ಯೆಹೂದಾ ಎಂಬ ಮಹಾಶಯರು 1881ರಲ್ಲಿ ಜೆರೂಸಲೇಮಿಗೆ ಬಂದು, ಪ್ರಾರ್ಥನೆ, ಪಾಂಡಿತ್ಯಗಳಿಗೆ ಮೀಸಲಾಗಿದ್ದ ಹೀಬ್ರೂ ಭಾಷೆಯನ್ನು ಅಡಿಗೆಮನೆಗೂ ಪೇಟೆಗೂ ತರಬೇಕೆಂದು ಪಣತೊಟ್ಟರು. 1949ರಿಂದ ‘ಉಲ್ಪಾನ್’ ಎಂಬ ಪಾಠಶಾಲೆಗಳಲ್ಲಿ ಹೊಸದಾಗಿ ಬಂದ ಪ್ರಾಯಸ್ಥರಿಗೆ ಕೆಲವೇ ತಿಂಗಳಲ್ಲಿ ಆ ಭಾಷೆಯನ್ನು ಕಲಿಸುವ ಏರ್ಪಾಡಾಯಿತು. ವಕೀಲನೂ ಬಡಗಿಯೂ ಒಂದೇ ಹಲಗೆಯ ಮುಂದೆ ಕುಳಿತು ಅಕ್ಷರ ತಿದ್ದಿದರು. ಇದು ಅನುಕರಣೀಯವಾದ ಕಾರ್ಯ. ಆದರೆ ಹೊಸ ಭಾಷೆ ಬಂದಿತೆಂದು ಹಳೆಯದು ಹೋಗುವುದಿಲ್ಲ. ಬೆನೆ ಇಸ್ರೇಲರು ಅಲ್ಲಿಂದಲೇ ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನು ಹೊರಡಿಸಿದರು. ಕೊಚ್ಚಿಯ ಸ್ತ್ರೀಯರು ಮದುವೆಯ ಮಲೆಯಾಳಂ ಹಾಡುಗಳನ್ನು ಕೈಬರಹದ ಪುಸ್ತಕಗಳಲ್ಲಿ ಕಾಪಾಡಿಕೊಂಡರು. ಕೊಚ್ಚಿಯ ಕಡವುಂಭಾಗಂ ಸಿನಗಾಗಿನ ಒಳಾಂಗಣವನ್ನೇ ಜೆರೂಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ ಪುನಃ ಜೋಡಿಸಿಟ್ಟಿದ್ದಾರೆ. ಮರವಿನ ರೋಗ ಬಂದ ವೃದ್ಧರು ಪ್ರಾಯದಲ್ಲಿ ಕಲಿತ ಭಾಷೆಯನ್ನು ಮೊದಲು ಕಳೆದುಕೊಂಡು ಬಾಲ್ಯದ ಭಾಷೆಗೆ ಮರಳುವುದುಂಟೆಂದು ವೈದ್ಯರು ಬಲ್ಲರು. ಎಪ್ಪತ್ತು ವರ್ಷ ಹೀಬ್ರೂ ಆಡಿದ ಅಜ್ಜಿ ಕೊನೆಗಾಲದಲ್ಲಿ ಅರಬಿಯಲ್ಲೋ ಪೋಲಿಷ್ ಭಾಷೆಯಲ್ಲೋ ನೀರು ಕೇಳುವಳು. ಕೊಂಕಣಿ, ತುಳು ಮನೆಮಾತಿನ ನಮ್ಮ ಹುಡುಗಿ, ಕಷ್ಟಪಟ್ಟು ಕಲಿತ ನಾಲ್ಕು ಹೀಬ್ರೂ ಮಾತುಗಳು ನಿರುಪಯೋಗವಾದಾಗ, ಕೈಸನ್ನೆಯಿಂದ ಅರ್ಥ ಮಾಡಿಕೊಂಡು ನೀರು ಕುಡಿಸುವಳು. ಪಿತೃಭೂಮಿಯಲ್ಲಿ ಮಲಗಿದ ಜೀವವು ಜನ್ಮಭೂಮಿಯನ್ನು ಕರೆಯುತ್ತಿರುವುದು.

ಆ ಹುಡುಗಿಯ ಸ್ಥಿತಿಯನ್ನೂ ಗಮನಿಸಬೇಕು. ವಂಶದ ಆಧಾರದಿಂದ ಬಂದಿಳಿದವನಿಗೆ ನೆಲೆಸುವ ಹಕ್ಕೂ ಪೌರತ್ವವೂ ಒಡನೆಯೇ ದೊರೆಯುವುವು. ಸೇವೆಗಾಗಿ ಹೋದವಳಿಗಾದರೋ ಸಾಮಾನ್ಯವಾಗಿ 63 ತಿಂಗಳ ಅವಧಿ. ಒಬ್ಬರನ್ನೇ ನೋಡಿಕೊಳ್ಳುತ್ತಿದ್ದರೆ ಅದು ಮುಂದುವರಿಯಬಹುದು. ಗಂಡನನ್ನೋ ಮಕ್ಕಳನ್ನೋ ಜೊತೆಗಿಟ್ಟುಕೊಳ್ಳುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಯುದ್ಧ ಹೊತ್ತಿಕೊಂಡಾಗ ಭಾರತ ಸರಕಾರವು ‘ಆಪರೇಷನ್ ಅಜಯ್’ ಎಂಬ ಹೆಸರಿನಿಂದ ವಿಮಾನಗಳನ್ನು ಕಳುಹಿಸಿತು. ನಮ್ಮವರಲ್ಲಿ ಅನೇಕರು, ಹಾಸಿಗೆ ಹಿಡಿದವರನ್ನು ಬಿಟ್ಟುಬರಲು ಮನಸ್ಸಾಗದೆ, ಅಲ್ಲಿಯೇ ನಿಂತರು. ಕಾನೂನು ಇವರನ್ನು ಪರದೇಶಿಗಳೆಂದಿತು. ನಡತೆಯಲ್ಲಿ ಇವರು ಮನೆಮಕ್ಕಳಾಗಿದ್ದರು.

ಇದೆಲ್ಲದರಿಂದ ನಮಗೆ ತೋರುವುದಿಷ್ಟು. ಆಸ್ತಿಯಲ್ಲಿ ಪಿತ್ರಾರ್ಜಿತವೆಂದೂ ಸ್ವಾರ್ಜಿತವೆಂದೂ ಎರಡು ಬಗೆಯುಂಟಷ್ಟೆ. ತಾಯ್ನಾಡು ಪಿತ್ರಾರ್ಜಿತವೆಂದು ಎಲ್ಲರೂ ಭಾವಿಸುವರು. ಇಸ್ರೇಲಿನ ಕಾಯಿದೆಯೂ ಹಾಗೆಯೇ ಭಾವಿಸಿತು. ಆದರೆ ಕಾಯಿದೆಯು ಹಡಗಿನಿಂದ ಇಳಿಯುವ ಹಕ್ಕನ್ನು ಮಾತ್ರ ಕೊಡಬಲ್ಲುದು. ಮಾಡಲು ತಕ್ಕ ಕೆಲಸ, ಆಡಲು ಭಾಷೆ, ನೆರೆಯವರ ಸಮನಾಗಿ ಕುಳಿತುಕೊಳ್ಳುವ ಮರ್ಯಾದೆ, ಈ ಮೂರನ್ನು ಬಂದವನು ದುಡಿದು, ಇದ್ದವನು ಮನಸ್ಸು ತೆರೆದು, ಇಬ್ಬರೂ ಕೂಡಿ ಸಂಪಾದಿಸಬೇಕಾಗುವುದು. ಅಷ್ಟರ ಮಟ್ಟಿಗೆ ತಾಯ್ನಾಡು ಸ್ವಾರ್ಜಿತವೇ. ಇದ್ದವನು ಮನಸ್ಸು ಮುಚ್ಚಿಕೊಂಡರೆ ಎರಡು ಸಾವಿರ ವರ್ಷಗಳ ಪ್ರಾರ್ಥನೆಯೂ ಕಪ್ಪು ರೊಟ್ಟಿಯ ಜಗಳದಲ್ಲಿ ಮುಗಿಯುವುದು.

ಈ ಮಾತನ್ನು ಪರರಿಗೆ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮರಳಿ ಬಂದವರ ವೃತ್ತಾಂತಗಳು ನಮ್ಮ ನಾಡಿನಲ್ಲಿಯೂ ಇವೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1799ರಲ್ಲಿ ಆ ಕೋಟೆ ಬಿದ್ದ ಮೇಲೆ ಅಳಿದುಳಿದವರು ಹದಿನೈದು ವರ್ಷಗಳ ಹಿಂದೆ ಬಿಟ್ಟ ಊರುಗಳಿಗೆ ಮರಳಿದರು. ಇಗರ್ಜಿಗಳಲ್ಲಿ ಬಹಳಷ್ಟು ನೆಲಸಮವಾಗಿದ್ದುವು. ಅವರು ಮೊದಲಿನಿಂದ ಕಟ್ಟಿಕೊಂಡರು. ಕಾರ್ಕಳದ ಅತ್ತೂರಿನಲ್ಲಿ ಅಂದು ಪುನಃ ಎದ್ದ ಇಗರ್ಜಿಯು 2016ರಲ್ಲಿ ಬಸಿಲಿಕವೆಂಬ ಪದವಿಗೇರಿತು. ಜನವರಿಯ ಜಾತ್ರೆಗೆ ಎಲ್ಲ ಮತದವರೂ ಅಲ್ಲಿಗೆ ಹರಕೆಯ ಮೇಣದ ಬತ್ತಿ ಹಿಡಿದು ಹೋಗುತ್ತಾರೆ. ಕಟ್ಟಿಕೊಳ್ಳುವವರೂ ಕೂಡಿಬರುವ ನೆರೆಯವರೂ ಇದ್ದರೆ ಮರಳುವಿಕೆ ಸಫಲವಾಗುವುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಇನ್ನೊಂದು ನಿದರ್ಶನವು ಅಷ್ಟು ಹೆಮ್ಮೆಯದಲ್ಲ. 2020ರ ಮೇ ತಿಂಗಳಲ್ಲಿ, ಕೊರೊನಾ ವ್ಯಾಧಿಯ ಕಾಲದಲ್ಲಿ, ಮುಂಬಯಿ ಮೊದಲಾದೆಡೆಗಳಿಂದ ಸಾವಿರಾರು ಮಂದಿ ನಮ್ಮ ಜಿಲ್ಲೆಗೆ ಮರಳಿದರು. ಜೂನ್ ಮೊದಲ ವಾರದಲ್ಲಿ ರೋಗಿಗಳ ಎಣಿಕೆಯಲ್ಲಿ ಉಡುಪಿ ಜಿಲ್ಲೆಯು ರಾಜ್ಯದಲ್ಲೇ ಮುಂದಾಯಿತು. ಅವರಲ್ಲಿ ಬಹುತೇಕರು ಮಹಾರಾಷ್ಟ್ರದಿಂದ ಬಂದವರು. ಶಾಲೆ, ಹಾಸ್ಟೆಲುಗಳಲ್ಲಿ ಅವರನ್ನು ಪ್ರತ್ಯೇಕವಾಗಿ ಇಟ್ಟುದು ಆರೋಗ್ಯದೃಷ್ಟಿಯಿಂದ ಯುಕ್ತವೇ. ಆದರೆ ‘ಮುಂಬಯಿಯವರು’ ಎಂಬ ಮಾತನ್ನು ನಾವು ಆ ದಿನಗಳಲ್ಲಿ ಯಾವ ಧ್ವನಿಯಲ್ಲಿ ಆಡಿದೆವು? ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಅದೇ ಜನರ ಹೆಸರನ್ನು ಮೊದಲ ಸಾಲಿನಲ್ಲಿ ಅಚ್ಚು ಹಾಕಿಸಿದವರು ನಾವಲ್ಲವೆ? ಮೂಲಸ್ಥಾನಕ್ಕೆ ಹಣ ಕಳುಹಿಸುವವನು ಬಂಧು, ಮೈ ಸರಿಯಿಲ್ಲದೆ ಬಂದು ನಿಂತವನು ಅನ್ಯ ಎಂಬುದು ಯಾವ ಧರ್ಮ?

ಮುಂದೆಯೂ ನಮ್ಮ ಜನ ಮರಳಿ ಬರುತ್ತಿರುವರು. ಮುಂಬಯಿಯಿಂದ, ಕೊಲ್ಲಿಯ ರಾಜ್ಯಗಳಿಂದ, ಇಸ್ರೇಲಿನಿಂದ. ಅವರಿಗಾಗಿ ಒಂದು ಕಾಯಿದೆ ಬೇಕಾಗಿಲ್ಲ; ಕೆಲವು ಏರ್ಪಾಡುಗಳು ಸಾಕು. ಹೊರನಾಡಿನಲ್ಲಿ ಬೆಳೆದು ಕನ್ನಡದ ಅಕ್ಷರವನ್ನೇ ಕಾಣದ ಮಕ್ಕಳು ನಮ್ಮ ಶಾಲೆಗಳಿಗೆ ಬಂದು ಸೇರಿದಾಗ, ನಕ್ಕು ಹಿಂದೆ ಕೂರಿಸುವುದರ ಬದಲು, ಉಲ್ಪಾನಿನ ಮಾದರಿಯಲ್ಲಿ ಮೂರು ತಿಂಗಳ ವಿಶೇಷ ಪಾಠವನ್ನು ಏರ್ಪಡಿಸುವುದು ಪ್ರತಿ ಪಂಚಾಯತಿನ ಶಕ್ತಿಯೊಳಗಿನ ಕೆಲಸ. ಮರಳಿದವನ ಉಳಿತಾಯವು ದೊಡ್ಡ ಮನೆಯ ಗೋಡೆಗಳಲ್ಲಿ ಮುಗಿದುಹೋಗದೆ ಉದ್ಯೋಗಕ್ಕೆ ಹೂಡಲ್ಪಡುವಂತೆ ಬುದ್ಧಿಹೇಳುವ ಸಹಕಾರ ಸಂಘಗಳು ನಮ್ಮಲ್ಲಿಲ್ಲದೆ ಇಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ವಿದೇಶದಲ್ಲಿ ಹತ್ತು ವರ್ಷ ವೃದ್ಧರ ಸೇವೆ ಮಾಡಿ ಬಂದ ಹೆಣ್ಣುಮಗಳು ಇಲ್ಲಿಗೆ ಬಂದೊಡನೆ ಕಸುಬಿಲ್ಲದವಳಾಗಬಾರದು. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡೆಯ ಮೇಲೆ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಕೊಚ್ಚಿಯವರು ನೆವಾತಿಮ್ಮಿನ ಬರಡು ನೆಲಕ್ಕೆ ಹೊರಟುದೂ ಅದೇ ಕಾಲದಲ್ಲಿ. ಇಂದು ಶುಶ್ರೂಷಾ ವಿದ್ಯೆಗೆ ದೇಶದಲ್ಲೇ ಹೆಸರಾದ ಆ ಊರಿನ ಆಸುಪಾಸಿನಲ್ಲಿ, ಮಕ್ಕಳೆಲ್ಲ ಹೊರನಾಡಿಗೆ ಹೋಗಿ, ಹತ್ತು ಕೋಣೆಗಳ ಮನೆಯಲ್ಲಿ ಒಬ್ಬಂಟಿಗರಾಗಿ ದೀಪ ಹಚ್ಚುವ ಮುದುಕ ಮುದುಕಿಯರು ಎಷ್ಟೋ ಮಂದಿ ಇದ್ದಾರೆ. ಅವರನ್ನು ನೋಡಿಕೊಳ್ಳಬಲ್ಲ ಕೈಗಳು ಶಿರ್ವದಲ್ಲಿಯೂ ಕಾರ್ಕಳದಲ್ಲಿಯೂ ಮರಳಿ ಬಂದು ಕುಳಿತಿವೆ. ಆ ಕೈಗಳ ಅನುಭವಕ್ಕೆ ಪರೀಕ್ಷೆ ನಡೆಸಿ ಪ್ರಮಾಣಪತ್ರವನ್ನು ಕೊಟ್ಟು, ಗೌರವದ ಸಂಬಳವನ್ನು ಗೊತ್ತುಮಾಡಿ, ಈ ಮನೆಗಳಿಗೂ ಆ ಕೈಗಳಿಗೂ ಸಂಬಂಧವನ್ನು ಕಲ್ಪಿಸುವ ಕೆಲಸಕ್ಕೆ ನಮ್ಮ ಆಸ್ಪತ್ರೆಗಳೂ ಪಂಚಾಯತುಗಳೂ ಜಿಲ್ಲಾಡಳಿತವೂ ಕೂಡಿ ಕೈಹಚ್ಚಬೇಕೆಂದು ಸೂಚಿಸುತ್ತೇವೆ. ಇದರಿಂದ ಮರಳಿದವರಿಗೆ ಕಸುಬು, ಇದ್ದವರಿಗೆ ಆಸರೆ. ಮೂಲಸ್ಥಾನವು ವರ್ಷಕ್ಕೊಂದು ದಿನ ತನು ಎರೆಯುವ ಕಲ್ಲಾಗಿ ಮಾತ್ರ ಉಳಿಯದೆ, ವರ್ಷದ ಉಳಿದ ದಿನಗಳಲ್ಲಿಯೂ ಬಾಳಲು ಯೋಗ್ಯವಾದ ಊರಾಗಬೇಕಾದರೆ ಇಂಥ ಕೆಲಸಗಳಿಂದಲೇ ಆಗಬೇಕು.